ಜುಲೈ 24ಕ್ಕೆ ಡೇಟ್, ಮನೆ ಕಕ್ಕಬ್ಬೆ ಕಡೆ ಒಳಗೆ: ಚೊಚ್ಚಲ ಹೆರಿಗೆಗೆ ಮಳೆಗಾಲದ ತಯಾರಿ ಹೇಗೆ?

ತೋಟದಮನೆ_ಸೊಸೆ

ಎಲ್ಲರಿಗೂ ನಮಸ್ಕಾರ. ಚೊಚ್ಚಲ ಬಸಿರು, ಈಗ 26 ವಾರ. ಸ್ಕ್ಯಾನಿನಲ್ಲಿ ಕೊಟ್ಟ ಡೇಟ್ ಜುಲೈ 24. ಅಂದರೆ ಕಕ್ಕಡ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕದ ಕೊಡವ ತಿಂಗಳು), ಪುಷ್ಯ ಮಳೆ ಹೊಡೆಯುವ ಹೊತ್ತು. ಮನೆ ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆ ದಿಕ್ಕಿಗೆ, ಟಾರು ರಸ್ತೆ ಬಿಟ್ಟು ಒಂದೂವರೆ ಕಿ.ಮೀ. ತೋಟದ ಮಣ್ಣುದಾರಿ. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ನನ್ನ ರಕ್ತ ಓ ನೆಗೆಟಿವ್, ಯಜಮಾನರದು ಬಿ ಪಾಸಿಟಿವ್. ಹಿಮೋಗ್ಲೋಬಿನ್ 9.8. ಕಬ್ಬಿಣದ ಕೆಂಪು ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತದೆ. ಬಿ.ಪಿ. ಸರಿ ಇದೆ. ತವರು ಸೋಮವಾರಪೇಟೆ ಹತ್ತಿರದ ಶಾಂತಳ್ಳಿ ಕಡೆ, ಅಲ್ಲಿ ಮಳೆ ಇಲ್ಲಿಗಿಂತ ಜೋರು.

ಕೇಳಬೇಕಾದ್ದು ಇಷ್ಟು. ಯಾವ ಆಸ್ಪತ್ರೆ ಅಂತ ಹೇಗೆ ತೀರ್ಮಾನ ಮಾಡುವುದು? ನೋವು ಶುರುವಾದ ಮೇಲೆ ಹೊರಟರೆ ಸಾಕೋ, ಮೊದಲೇ ಪೇಟೆಗೆ ಹೋಗಿ ಇರಬೇಕೋ? ನೆಗೆಟಿವ್ ರಕ್ತಕ್ಕೆ ಏನು ಮಾಡಬೇಕು? ಬ್ಯಾಗಿನಲ್ಲಿ ಏನಿರಬೇಕು? ಮನೆಯಲ್ಲಿ ಅತ್ತೆ ಒಂದು ಹೇಳುತ್ತಾರೆ, ಅಮ್ಮ ಫೋನಿನಲ್ಲಿ ಇನ್ನೊಂದು. ವಿಷಯ ಗೊತ್ತಿರುವವರು ಬಿಡಿಸಿ ಹೇಳಿ.

ಲೇಬರ್‌ವಾರ್ಡ್_ಸಿಸ್ಟರ್

ಮೊದಲು ರಕ್ತದ ವಿಷಯ. ಇದಕ್ಕೆ ತಾರೀಖು ಕಟ್ಟಿಕೊಂಡಿದೆ, ಉಳಿದದ್ದಕ್ಕೆ ಸ್ವಲ್ಪ ಸಮಯ ಇದೆ.

ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆದರೆ ಮಗು ಪಾಸಿಟಿವ್ ಆಗಬಹುದು. ಮಗುವಿನ ರಕ್ತ ತಾಯಿಯ ರಕ್ತಕ್ಕೆ ಬೆರೆತರೆ ತಾಯಿಯ ಮೈ ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಈ ಮಗುವಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಪೆಟ್ಟು ಬೀಳುವುದು ಮುಂದಿನ ಮಗುವಿಗೆ. ಅದನ್ನು ತಡೆಯುವುದಕ್ಕೆ ಆಂಟಿ-ಡಿ ಇಂಜೆಕ್ಷನ್. ಮೊದಲು ಐ.ಸಿ.ಟಿ. ಎಂಬ ರಕ್ತಪರೀಕ್ಷೆ ಮಾಡಿಸಿ, ಆ ಪ್ರತಿಕಾಯ ನಿಮ್ಮ ರಕ್ತದಲ್ಲಿ ಈಗಾಗಲೇ ಇದೆಯಾ ಅಂತ ನೋಡುವುದು ಅದು. ಆ ಪರೀಕ್ಷೆ ನೆಗೆಟಿವ್ ಬಂದರೆ 28 ವಾರಕ್ಕೆ 300 ಮೈಕ್ರೋಗ್ರಾಂ ಆಂಟಿ-ಡಿ ಹಾಕಿಸಬೇಕು. ನಿಮ್ಮ ಲೆಕ್ಕಕ್ಕೆ ಅದು ಮೇ 1ರ ಆಸುಪಾಸು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯ ರಕ್ತದಿಂದ ಮಗುವಿನ ಗುಂಪು ನೋಡುತ್ತಾರೆ. ಪಾಸಿಟಿವ್ ಇದ್ದರೆ 72 ಗಂಟೆಯೊಳಗೆ ಇನ್ನೊಂದು ಡೋಸ್. ನಡುವೆ ಎಲ್ಲಾದರೂ ಜಾರಿ ಹೊಟ್ಟೆಗೆ ಪೆಟ್ಟಾದರೆ, ರಕ್ತ ಕಾಣಿಸಿದರೆ, ಆಗಲೂ ಬೇಕಾಗಬಹುದು, ಅದೇ ದಿನ ತೋರಿಸಿ. ಈ ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಮೆಡಿಕಲ್ ಶಾಪಿನಲ್ಲಿ ಕೊಂಡು, ಕರೆಂಟಿಲ್ಲದ ಮನೆಯ ಫ್ರಿಜ್ಜಿನಲ್ಲಿಟ್ಟು, ವಾರ ಬಿಟ್ಟು ತರುವ ಕೆಲಸ ಬೇಡ. ದಾಸ್ತಾನು ಇದೆಯಾ ಅಂತ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ಅಲ್ಲೇ ಹಾಕಿಸಿಕೊಳ್ಳಿ. ತಾಯಿ ಕಾರ್ಡಿನ ಮುಖಪುಟದಲ್ಲಿ ಕೆಂಪು ಪೆನ್ನಿನಲ್ಲಿ ‘ಓ ನೆಗೆಟಿವ್’ ಅಂತ ಬರೆಸಿ.

ಇನ್ನು 9.8. ಬಸುರಿಗೆ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ತಡೆಗೆ ಅಂತ ಎಲ್ಲರಿಗೂ ದಿನಕ್ಕೆ ಒಂದು ಕೆಂಪು ಮಾತ್ರೆ (60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್). 7ರಿಂದ 10.9ರ ಒಳಗಿದ್ದವರಿಗೆ ದಿನಕ್ಕೆ ಎರಡು. ಒಂದು ತಿಂಗಳಲ್ಲಿ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ, ಅಥವಾ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲವಾದರೆ, ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುತ್ತಾರೆ. ಅದನ್ನು ನೀವೇ ಬಾಯಿ ಬಿಟ್ಟು ಕೇಳಿ. 34 ವಾರ ಕಳೆದ ಮೇಲೆ ಎದ್ದು ಓಡಾಡಿದರೆ ಏರಿಸಲು ಸಮಯ ಸಾಲದು. ನೆಗೆಟಿವ್ ಗುಂಪಿನವರಿಗೆ ಇದು ಇನ್ನೂ ಮುಖ್ಯ, ಹೆರಿಗೆಯಲ್ಲಿ ರಕ್ತ ಹೋದರೆ ಬದಲಿ ರಕ್ತ ಸಿಗುವುದು ಕಷ್ಟ.

ಹೊಟ್ಟೆ ತೊಳೆಸುವವರು ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ. ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕ್ಯಾಲ್ಸಿಯಂ ಬೆಳಗ್ಗೆ ತಿಂಡಿಯ ಮೇಲೆ ಒಂದು, ಮಧ್ಯಾಹ್ನ ಊಟದ ಮೇಲೆ ಒಂದು. ಕಬ್ಬಿಣದ ಮಾತ್ರೆಗೆ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ.

ಸಕ್ಕರೆ ಪರೀಕ್ಷೆ ಆಗಿಲ್ಲವಾದರೆ ಈ ವಾರವೇ ಮಾಡಿಸಿ. 24ರಿಂದ 28 ವಾರದೊಳಗಿನ ಪರೀಕ್ಷೆ ಅದು. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕಲಸಿ, ಐದ್ಹತ್ತು ನಿಮಿಷದೊಳಗೆ ಕುಡಿದು, ಎರಡು ಗಂಟೆ ಬಿಟ್ಟು ರಕ್ತ ಕೊಡುವುದು. ಹೊಟ್ಟೆ ಖಾಲಿ ಇರಲೇಬೇಕು ಅಂತಿಲ್ಲ. 140 ಅಥವಾ ಮೇಲೆ ಬಂದರೆ ಬಸುರಿ ಸಕ್ಕರೆ ಕಾಯಿಲೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಲೆಕ್ಕಕ್ಕಿಲ್ಲ, ಮಾರನೇ ದಿನ ಮತ್ತೆ.

ಯಾವ ಆಸ್ಪತ್ರೆ ಅನ್ನುವುದಕ್ಕೆ ಕಟ್ಟಡ ನೋಡಬೇಡಿ, ನಾಲ್ಕು ಪ್ರಶ್ನೆ ಕೇಳಿ. ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬೇಕಾದರೆ ಇಲ್ಲೇ ಆಗುತ್ತದಾ, ಬೇರೆ ಕಡೆ ಕಳಿಸುತ್ತೀರಾ? ಅರಿವಳಿಕೆ ಡಾಕ್ಟರು ಆಸ್ಪತ್ರೆಯಲ್ಲೇ ಇರುತ್ತಾರಾ, ಕರೆದರೆ ಬರುತ್ತಾರಾ, ಬರಲು ಎಷ್ಟು ಹೊತ್ತು? ನೆಗೆಟಿವ್ ರಕ್ತ ಎಲ್ಲಿಂದ ತರಿಸುತ್ತೀರಿ? ಮಗುವಿಗೆ ಉಸಿರಾಟದ ತೊಂದರೆಯಾದರೆ ನವಜಾತ ಶಿಶು ಘಟಕ ಇಲ್ಲೇ ಇದೆಯಾ? ನಾಲ್ಕರಲ್ಲಿ ಎರಡಕ್ಕೆ ‘ಕಳಿಸುತ್ತೇವೆ’ ಅಂತ ಉತ್ತರ ಬಂದರೆ, ಕಳಿಸುವ ಜಾಗಕ್ಕೇ ನೇರ ಹೋಗುವುದು ಒಳ್ಳೆಯದು. ನಾಪೋಕ್ಲಿನ ಸಮುದಾಯ ಆರೋಗ್ಯ ಕೇಂದ್ರ ತಿಂಗಳ ತಪಾಸಣೆಗೆ ಸಾಕು. ನಿಮ್ಮ ರಕ್ತದ ಗುಂಪು, ನಿಮ್ಮ 9.8 ನೋಡಿದರೆ ಹೆರಿಗೆಗೆ ನಾನು ಮಡಿಕೇರಿ ಜಿಲ್ಲಾ ಆಸ್ಪತ್ರೆಯನ್ನೇ ಹೇಳುತ್ತೇನೆ. ಅದು ಈಗ ಮೆಡಿಕಲ್ ಕಾಲೇಜಿನ ಆಸ್ಪತ್ರೆ, ರಕ್ತನಿಧಿಯೂ ಅಲ್ಲೇ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞರು ಬಸುರಿಯರನ್ನು ಉಚಿತವಾಗಿ ನೋಡುವ ದಿನ. ಮೇ 9ಕ್ಕೆ ಒಮ್ಮೆ ಅಲ್ಲಿಗೇ ಹೋಗಿ ಹೆಸರು ಬರೆಸಿ, ಹೆರಿಗೆ ದಿನ ಅಪರಿಚಿತರಾಗಿ ಹೋಗುವುದು ತಪ್ಪುತ್ತದೆ.

ಜೀಪ್_ಮೂರ್ನಾಡು

ದಾರಿಯ ವಿಷಯ ನಾನು ಹೇಳುತ್ತೇನೆ. ಡಾಕ್ಟರುಗಳ ಪುಸ್ತಕದಲ್ಲಿ ಇದು ಇರುವುದಿಲ್ಲ.

ಕಾವೇರಿ ತುಂಬಿದರೆ ಭಾಗಮಂಡಲ–ನಾಪೋಕ್ಲು ರಸ್ತೆಗೆ ನೀರು ಬರುತ್ತದೆ, ನಾಪೋಕ್ಲು–ಮೂರ್ನಾಡು ರಸ್ತೆಯಲ್ಲಿ ಬೊಳಿಬಾಣೆ ಹತ್ತಿರ ಬರುತ್ತದೆ. ನೀರು ಏರಿದರೆ ಗಂಟೆಯಲ್ಲಿ ಇಳಿಯುವುದಿಲ್ಲ, ಮೇಲೆ ತಲಕಾವೇರಿಯಲ್ಲಿ ಮಳೆ ನಿಲ್ಲಬೇಕು. ಹಾಗಾಗಿ ಮಡಿಕೇರಿ ಅಂತ ಒಂದೇ ದಾರಿ ನಂಬಿ ಕೂರಬೇಡಿ. ಕಡಂಗ ಬದಿಯಿಂದ ವಿರಾಜಪೇಟೆಗೆ ಹೋಗುವ ದಾರಿಯನ್ನೂ ಲೆಕ್ಕದಲ್ಲಿಡಿ. ವಿರಾಜಪೇಟೆ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ನಂಬರು ಕೂಡ ಕೈಯಲ್ಲಿರಲಿ. ಮೈಸೂರಿಗೆ ಅಂದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ನೋವು ಬಂದ ಮೇಲೆ ಹೊರಡುವ ದೂರ ಅಲ್ಲ. ಮಂಗಳೂರು ಅಂತೂ ಮಳೆಗಾಲದಲ್ಲಿ ಮನಸ್ಸಿನಿಂದಲೇ ತೆಗೆದುಬಿಡಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಸಂಪಾಜೆ ಘಾಟಿ ತಿಂಗಳುಗಟ್ಟಲೆ ಮುಚ್ಚಿದ್ದು ಎಲ್ಲರಿಗೂ ಗೊತ್ತು.

ನಿಮ್ಮದು ಒಂದೂವರೆ ಕಿ.ಮೀ. ಮಣ್ಣುದಾರಿ ಅಂದಿರಿ. 108 ಅಲ್ಲಿಗೆ ಇಳಿಯುವುದಿಲ್ಲ, ಇಳಿದರೆ ಹತ್ತುವುದಿಲ್ಲ. ಮನೆಯಿಂದ ಟಾರು ರಸ್ತೆಗೆ ಫೋರ್‌ವ್ಹೀಲ್ ಜೀಪು, ಅಲ್ಲಿಂದ ಆಂಬುಲೆನ್ಸೋ ಕಾರೋ. ಎರಡು ತುಂಡು ಪ್ರಯಾಣ ಅಂತಲೇ ಯೋಜನೆ ಹಾಕಿ. ಜುಲೈ ಮೊದಲ ದಿನದಿಂದ ಜೀಪು ಮೂತಿ ಹೊರಗೆ ಮಾಡಿ ನಿಲ್ಲಲಿ, ಅರ್ಧ ಟ್ಯಾಂಕಿಗಿಂತ ಕೆಳಗೆ ಡೀಸೆಲ್ ಇಳಿಯಬಾರದು. ಜೀಪಿನಲ್ಲಿ ಕತ್ತಿ, ಮರ ಕೊಯ್ಯುವ ಗರಗಸ, ಹಗ್ಗ, ಎರಡು ಟಾರ್ಚು. ಸಿಲ್ವರ್ ಓಕ್ ಗಾಳಿಗೆ ಅಡ್ಡ ಬೀಳುವುದು ರಾತ್ರಿಯೇ. ತೋಟದ ಗೇಟಿಗೆ ರಾತ್ರಿ ಬೀಗ ಹಾಕುತ್ತೀರಾದರೆ ಒಂದು ಕೀ ಜೀಪಿನಲ್ಲೇ ಇರಲಿ. ಇದನ್ನು ಎಲ್ಲರೂ ಮರೆಯುತ್ತಾರೆ, ಕೀ ಇಟ್ಟುಕೊಂಡ ರೈಟರು (ತೋಟದ ಮೇಲ್ವಿಚಾರಕ) ಲೈನ್ ಮನೆಯಲ್ಲಿ ನಿದ್ದೆ ಹೊಡೆಯುತ್ತಿರುತ್ತಾನೆ. ಆನೆ ಓಡಾಟ ಇರುವ ಕಡೆಯಾದರೆ ಸಂಜೆ ಆರರ ಮೇಲೆ, ಬೆಳಗಿನ ಜಾವ ಒಬ್ಬರೇ ಹೊರಡುವುದು ಬೇಡ. ಆನೆ ರಸ್ತೆಯಲ್ಲಿದ್ದರೆ ಹಾರ್ನ್ ಹೊಡೆಯದೆ ನಿಂತು ದಾರಿ ಬಿಡಬೇಕು, ಅದಕ್ಕೂ ಸಮಯ ಹಿಡಿದಿಟ್ಟುಕೊಳ್ಳಿ.

ಫೋನು: ಕರೆಂಟು ಹೋಗಿ ಕೆಲವು ಗಂಟೆಯಲ್ಲಿ ಟವರಿನ ಬ್ಯಾಟರಿಯೂ ಸಾಯುತ್ತದೆ. ಮನೆಯ ಯಾವ ಮೂಲೆಯಲ್ಲಿ, ಯಾವ ಗುಡ್ಡದ ಮೇಲೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ಆಶಾ, ಆಸ್ಪತ್ರೆ, ಇಬ್ಬರು ಡ್ರೈವರು, ಪಕ್ಕದ ತೋಟ, ಇಷ್ಟೂ ನಂಬರು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. 108ಕ್ಕೆ ಮಾತಾಡುವಾಗ ಮನೆತನದ ಹೆಸರು ಹೇಳಿದರೆ ಕಾಲ್ ಸೆಂಟರಿನವರಿಗೆ ತಿಳಿಯುವುದಿಲ್ಲ. ತಾಲ್ಲೂಕು, ಪಂಚಾಯಿತಿ, ಟಾರು ರಸ್ತೆಯ ಪಕ್ಕದ ಅಂಗಡಿಯೋ ಬಸ್ ಸ್ಟ್ಯಾಂಡೋ ಹೇಳಿ, ಅಲ್ಲಿಗೆ ಬನ್ನಿ ಅನ್ನಿ.

ಸೋಮವಾರಪೇಟೆ_ಅಕ್ಕ

ಜೀಪಿನವರು ಹೇಳಿದ್ದೆಲ್ಲ ಸರಿ, ಆದರೆ ಅಷ್ಟೆಲ್ಲ ಕಸರತ್ತು ಯಾಕೆ? ಜುಲೈ ಮೊದಲ ವಾರವೇ ಮಡಿಕೇರಿಯಲ್ಲಿ ಯಾರಾದರೂ ನೆಂಟರ ಮನೆಯಲ್ಲೋ ಬಾಡಿಗೆ ರೂಮಿನಲ್ಲೋ ಇದ್ದುಬಿಡುವುದು. 37 ವಾರಕ್ಕೆ ತಿಂಗಳು ತುಂಬಿದ ಲೆಕ್ಕ, ನಿಮಗೆ ಅದು ಜುಲೈ 3. ಕೊಟ್ಟ ಡೇಟಿಗೇ ಸರಿಯಾಗಿ ಹೆರುವವರು ನೂರಕ್ಕೆ ನಾಲ್ಕೈದು ಮಂದಿ. ಶಾಂತಳ್ಳಿ ತವರು ಈ ಸಲಕ್ಕೆ ಬೇಡ ಅಂತ ಅಮ್ಮನಿಗೆ ಈಗಲೇ ಒಪ್ಪಿಸಿ, ಅಮ್ಮನೇ ಮಡಿಕೇರಿಗೆ ಬರಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಅನ್ನುವುದಕ್ಕೆ ಹೆರಿಗೆ ಮುಗಿಸಿ ಬಾಣಂತನಕ್ಕೆ ಹೋದರೂ ಆಯಿತು.

ಜೀಪ್_ಮೂರ್ನಾಡು

ಅಕ್ಕ, ಮಡಿಕೇರಿಯಲ್ಲಿ ನೆಂಟರಿಲ್ಲದವರು ಮೂರು ವಾರ ಬಾಡಿಗೆ ಕೊಟ್ಟು ಇರುವುದು ಎಲ್ಲರಿಗೂ ಆಗುವ ಮಾತಲ್ಲ. ಆದವರು ಹೋಗಲಿ. ಆಗದವರಿಗೆ ಈ ಕಸರತ್ತೇ ದಾರಿ. ಹೋಗುವವರೂ ಜುಲೈ 3ರ ತನಕ ಮನೆಯಲ್ಲೇ ಇರುತ್ತಾರಲ್ಲ, ಆರಿದ್ರಾ ಮಳೆ ಏನು ಕಮ್ಮಿಯಾ?

ತೋಟದಮನೆ_ಸೊಸೆ

ಬಹಳ ಉಪಕಾರವಾಯಿತು. ಮಡಿಕೇರಿಯಲ್ಲಿ ಯಜಮಾನರ ದೊಡ್ಡಮ್ಮನ ಮನೆ ಇದೆ, ಜುಲೈ 3ಕ್ಕೆ ಅಲ್ಲಿಗೆ ಹೋಗುವುದು ಅಂತ ಮಾತಾಯಿತು. ಅದಕ್ಕಿಂತ ಮೊದಲೇ ನೋವು ಬಂದರೆ? ನಿಜವಾದ ನೋವು ಯಾವುದು, ಸುಮ್ಮನೆ ಬರುವುದು ಯಾವುದು ಅಂತ ಹೇಗೆ ಗೊತ್ತಾಗುವುದು?

ಲೇಬರ್‌ವಾರ್ಡ್_ಸಿಸ್ಟರ್

ಸುಳ್ಳು ನೋವು ಹೊಟ್ಟೆಯ ಮುಂಭಾಗದಲ್ಲಿ ಬಿಗಿಯುತ್ತದೆ, ಲೆಕ್ಕವಿಲ್ಲದೆ ಬರುತ್ತದೆ. ಎರಡು ಲೋಟ ನೀರು ಕುಡಿದು, ಮೂತ್ರ ಮಾಡಿ, ಎಡ ಮಗ್ಗುಲಿಗೆ ಮಲಗಿದರೆ ಅಥವಾ ನಾಲ್ಕು ಹೆಜ್ಜೆ ನಡೆದರೆ ಬಿಟ್ಟುಹೋಗುತ್ತದೆ. ನಿಜವಾದ ನೋವು ಸೊಂಟದಿಂದ ಸುತ್ತಿ ಮುಂದೆ ಬರುತ್ತದೆ. ಏನು ಮಾಡಿದರೂ ಬಿಡುವುದಿಲ್ಲ, ಹೊತ್ತು ಹೋದ ಹಾಗೆ ಹತ್ತಿರ ಹತ್ತಿರ, ಜೋರು ಜೋರು. ಒಂದು ನೋವಿನ ಆರಂಭದಿಂದ ಮುಂದಿನ ನೋವಿನ ಆರಂಭಕ್ಕೆ ಗಡಿಯಾರ ನೋಡಿ ಬರೆಯಿರಿ. ಮುಗಿದಲ್ಲಿಂದ ಲೆಕ್ಕ ಹಾಕಬೇಡಿ, ಅದರಲ್ಲೇ ಬಹಳ ಜನ ಎಡವುವುದು.

ಪೇಟೆಯಲ್ಲಿರುವ ಚೊಚ್ಚಲ ಬಸುರಿಗೆ ಹೇಳುವ ಲೆಕ್ಕ: ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷ ಹಿಡಿಯುವ ನೋವು, ಒಂದು ಗಂಟೆ ಕಾಲ. ಅದಕ್ಕಿಂತ ಮೊದಲು ಬಂದರೆ ವಾರ್ಡಿನಲ್ಲಿ ಸುಮ್ಮನೆ ಮಲಗುವುದಷ್ಟೆ. ಮೊದಲ ಹೆರಿಗೆಯಲ್ಲಿ ಗರ್ಭಕಂಠ 5 ಸೆಂ.ಮೀ. ತೆರೆಯುವ ತನಕದ ಹಂತ ಎಷ್ಟು ಹೊತ್ತಾದರೂ ಎಳೆಯಬಹುದು. 5ರಿಂದ ಪೂರ್ತಿ 10 ಆಗುವುದಕ್ಕೆ ಸಾಮಾನ್ಯವಾಗಿ 12 ಗಂಟೆಯ ಒಳಗೆ, ಆಮೇಲೆ ಮುಕ್ಕುವುದು ಮೂರು ಗಂಟೆಯ ಒಳಗೆ. ಆದರೆ ನಿಮ್ಮ ತೋಟದ ಮನೆಯಿಂದ ಹೊರಡುವುದಾದರೆ ಈ ಲೆಕ್ಕ ಹಿಡಿಯಬೇಡಿ. ಹತ್ತು ನಿಮಿಷಕ್ಕೊಮ್ಮೆ ಕ್ರಮವಾಗಿ ಒಂದು ಗಂಟೆ ಬಂದರೆ ಹೊರಡಿ. ಸಂಜೆ ನಾಲ್ಕರ ಹೊತ್ತಿಗೆ ಅನುಮಾನ ಬಂದರೂ ಬೆಳಕಿದ್ದಾಗಲೇ ಹೊರಟುಬಿಡಿ. ಸುಳ್ಳು ನೋವು ಅಂತ ವಾಪಸ್ ಕಳಿಸಿದರೆ ನಷ್ಟ ಒಂದು ಜೀಪಿನ ಡೀಸೆಲ್. ನೋವಿನ ಜೊತೆ ರಕ್ತ ಬೆರೆತ ಲೋಳೆ ಕಂಡರೆ ಅದು ಬಾಗಿಲು ತೆರೆಯುತ್ತಿರುವ ಗುರುತು, ಗಾಬರಿಯ ವಿಷಯ ಅಲ್ಲ.

ಡೇಟಿಗೂ ಮೂರು ವಾರಕ್ಕಿಂತ ಮುಂಚೆ, ಅಂದರೆ 37 ವಾರದ ಒಳಗೆ, ಕ್ರಮವಾದ ನೋವು ಬಂದರೆ ಗಂಟೆ ಎಣಿಸುತ್ತಾ ಕೂರಬೇಡಿ. 34 ವಾರದ ಒಳಗಾದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡುವುದಿರುತ್ತದೆ, ಅದು ಕೆಲಸ ಮಾಡಲು ಸಮಯ ಬೇಕು.

ನೋವಿಲ್ಲದಿದ್ದರೂ ತಕ್ಷಣ ಹೊರಡಬೇಕಾದ್ದು: ನೀರು ಹೋದರೆ, ಧಾರೆಯಾಗಿ ರಕ್ತ ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಬಲ ಪಕ್ಕೆಲುಬಿನ ಕೆಳಗೆ ನೋವು ಬಂದು ಮುಖ ಊದಿದರೆ (ಬಿ.ಪಿ. 140/90 ದಾಟಿರಬಹುದು, ಮೊನ್ನೆ ಸರಿ ಇತ್ತು ಅನ್ನುವುದು ಲೆಕ್ಕಕ್ಕಿಲ್ಲ), ಮಗು ಆಡುವುದು ಕಮ್ಮಿಯಾದರೆ. ಆಟ ಎಣಿಸುವುದು 28 ವಾರದಿಂದ ಶುರು. ಊಟ ಮಾಡಿ ಎಡ ಮಗ್ಗುಲಿಗೆ ಮಲಗಿ ಎಣಿಸಿ, ಎರಡು ಗಂಟೆಯಲ್ಲಿ ಹತ್ತು ಬರಬೇಕು. ‘ತಿಂಗಳು ತುಂಬಿದ ಮೇಲೆ ಜಾಗ ಸಾಲದೆ ಮಗು ಆಡುವುದಿಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕೊನೆಯ ದಿನದ ತನಕ ಆಡಲೇಬೇಕು.

ನೀರು ಹೋಯಿತೋ ಮೂತ್ರವೋ ಗೊತ್ತಾಗದಿದ್ದರೆ ಹೊಸ ಪ್ಯಾಡ್ ಹಾಕಿ ಅರ್ಧ ಗಂಟೆ ಮಲಗಿ ಏಳಿ. ಎದ್ದ ಕೂಡಲೇ ಮತ್ತೆ ಒದ್ದೆಯಾದರೆ, ಮೂತ್ರದ ವಾಸನೆ ಇಲ್ಲದಿದ್ದರೆ ನೀರೇ. ಹೊತ್ತು ಬರೆದಿಡಿ, ಬಣ್ಣ ನೋಡಿ. ಹಸಿರೋ ಕಂದೋ ಇದ್ದರೆ ಮಗು ಒಳಗೇ ಮಲ ಮಾಡಿದೆ, ಇನ್ನೂ ಬೇಗ ಹೋಗಬೇಕು. ಮನೆಯಲ್ಲಿ ಯಾರೂ ಒಳಗೆ ಕೈ ಹಾಕಿ ನೋಡಬಾರದು.

ದಾರಿಯಲ್ಲೇ ಮಗು ಬಂದರೆ, ಇದು ಜೊತೆಗೆ ಬರುವವರು ಓದಬೇಕಾದ್ದು. ಗಾಡಿ ನಿಲ್ಲಿಸಿ. ಎಳೆಯಬೇಡಿ, ತಲೆಗೆ ಕೈ ಆಸರೆ ಕೊಡಿ ಸಾಕು. ಮಗುವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒರೆಸುವುದರಿಂದಲೇ ಮಗು ಅಳುತ್ತದೆ. ಒದ್ದೆ ಬಟ್ಟೆ ಬಿಸಾಡಿ, ಬೆತ್ತಲೆ ಮಗುವನ್ನು ತಾಯಿಯ ಬೆತ್ತಲೆ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಸೇರಿಸಿ ಹೊದಿಸಿ, ಮಗುವಿನ ತಲೆಗೆ ಟೋಪಿ. ಮಡಿಕೇರಿ ಚಳಿಯಲ್ಲಿ ಇದೇ ಮೊದಲ ಚಿಕಿತ್ಸೆ. ಹೊಕ್ಕುಳಬಳ್ಳಿ ಕೊಯ್ಯಬೇಡಿ, ಬ್ಲೇಡು ದಾರ ಹುಡುಕಬೇಡಿ. ಕಸ (ಮಾಸು) ತಾನಾಗಿ ಬಂದರೆ ಮಗುವಿನ ಪಕ್ಕದಲ್ಲೇ ಕವರಿನಲ್ಲಿಡಿ, ಬರದಿದ್ದರೆ ಜಗ್ಗಬೇಡಿ. ಮಗುವನ್ನು ಮೊಲೆಗೆ ಹಿಡಿಸಿ ಆಸ್ಪತ್ರೆಗೆ ಗಾಡಿ ಬಿಡಿ. ಮಗುವಿಗಿಂತ ಮೊದಲು ಬಳ್ಳಿ ಹೊರಗೆ ಕಂಡರೆ ಮಾತ್ರ ಬೇರೆ: ತಾಯಿ ಮಂಡಿಯೂರಿ ಎದೆ ಸೀಟಿಗೆ ತಾಗಿಸಿ ಸೊಂಟ ಮೇಲೆತ್ತಿಕೊಂಡೇ ಇರಬೇಕು, ಬಳ್ಳಿಯನ್ನು ಒಳಗೆ ತಳ್ಳಬಾರದು.

ಸೋಮವಾರಪೇಟೆ_ಅಕ್ಕ

ಬ್ಯಾಗಿನ ಬಗ್ಗೆ ಯಾರೂ ಹೇಳಿಲ್ಲ. ಕೊಡಗಿನಲ್ಲಿ ಬ್ಯಾಗು ಮೇ ತಿಂಗಳ ಕೆಲಸ, ಜುಲೈ ತಿಂಗಳದ್ದಲ್ಲ. ಮಳೆ ಹಿಡಿದ ಮೇಲೆ ಬಟ್ಟೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ಮಗುವಿಗೆ ಹಳೆಯ ಮೆತ್ತನೆ ಹತ್ತಿ ಸೀರೆ, ಪಂಚೆ ಹರಿದು ಚೌಕದ ಬಟ್ಟೆ ಇಪ್ಪತ್ತಾದರೂ ಬೇಕು, ಮಳೆಗಾಲಕ್ಕೆ ಮೂವತ್ತು. ಬಿಸಿ ನೀರಿನಲ್ಲಿ ಒಗೆದು, ಎರಡು ಬಿಸಿಲು ಒಣಗಿಸಿ, ಇಸ್ತ್ರಿ ಮಾಡಿ, ಬಿಸಿ ಆರಿದ ಮೇಲೆ ಗಾಳಿಯಾಡದ ಸ್ಟೀಲ್ ಡಬ್ಬಕ್ಕೋ ಜಿಪ್ ಕವರಿಗೋ ತುಂಬಿಸಿ. ಬಿಸಿ ಇರುವಾಗಲೇ ತುಂಬಿಸಿದರೆ ಒಳಗೆ ಬೆವರಿ ಮುಗ್ಗುಲು ವಾಸನೆ ಬರುತ್ತದೆ. ಬೀರುವಿನ ನುಸಿಗುಳಿಗೆ ಮಾತ್ರ ಹಾಕಲೇಬೇಡಿ. ಆ ನ್ಯಾಫ್ತಲೀನ್ ಬಟ್ಟೆಯಲ್ಲಿ ಉಳಿದರೆ, ಜಿ6ಪಿಡಿ (ರಕ್ತಕಣ ಕಾಯುವ ಒಂದು ಕಿಣ್ವ) ಕೊರತೆ ಇರುವ ಮಗುವಿಗೆ ರಕ್ತಕಣ ಒಡೆದು ಜೋರು ಕಾಮಾಲೆ ಬರುತ್ತದೆ. ಕೊರತೆ ಇದೆಯೋ ಇಲ್ಲವೋ ಹುಟ್ಟುವ ಮುಂಚೆ ಯಾರಿಗೂ ಗೊತ್ತಿರುವುದಿಲ್ಲ. ಮಳೆಯಲ್ಲಿ ಒಗೆದದ್ದನ್ನು ಒಲೆಯ ಮೇಲೆ ಒಣಗಿಸಿದರೆ ಹೊಗೆ ವಾಸನೆ ಕುಡಿದಿರುತ್ತದೆ, ಅದು ಮಗುವಿನ ಮೂಗಿಗೆ ಒಳ್ಳೆಯದಲ್ಲ. ಒಳಗೆ ಹಗ್ಗ ಕಟ್ಟಿ ಫ್ಯಾನಿನಡಿ ಆರಿಸಿ, ಕೊನೆಯ ತೇವವನ್ನು ಇಸ್ತ್ರಿಯಲ್ಲಿ ತೆಗೆಯಿರಿ. ಇಸ್ತ್ರಿಪೆಟ್ಟಿಗೆಯಡಿ ಹಬೆ ಏಳುವುದು ನಿಂತರೆ ಒಣಗಿತು.

ತಾಯಿಗೆ ಮುಂದೆ ಗುಂಡಿ ಇರುವ ನೈಟಿ ಮೂರು, ದೊಡ್ಡ ಪ್ಯಾಡ್ ಎರಡು ಪ್ಯಾಕೆಟ್, ಹತ್ತಿ ಒಳಉಡುಪು ಆರು, ಸ್ವೆಟರು, ಕಿವಿಗೆ ಸ್ಕಾರ್ಫು, ಕಾಲುಚೀಲ, ಜಾರದ ಚಪ್ಪಲಿ. ಆಸ್ಪತ್ರೆಗೆ ಫ್ಲಾಸ್ಕು, ಲೋಟ, ತಟ್ಟೆ, ಬೆಡ್‌ಶೀಟು, ಕಂಬಳಿ, ಪವರ್ ಬ್ಯಾಂಕು. ಜೀಪಿನ ಸೀಟಿಗೆ ಒಂದೂವರೆ ಮೀಟರ್ ಪ್ಲಾಸ್ಟಿಕ್ ಶೀಟು, ಮೇಲೆ ಹಳೆ ಬೆಡ್‌ಶೀಟು. ತಾಯಿ ಕಾರ್ಡು, ಎಲ್ಲ ಸ್ಕ್ಯಾನ್ ರಿಪೋರ್ಟು, ಇಬ್ಬರ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಇವನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಬ್ಯಾಗಿನ ಹೊರ ಜೇಬಿನಲ್ಲಿ. ತಳಕ್ಕೆ ಹಾಕಿದರೆ ಅಡ್ಮಿಷನ್ ಕೌಂಟರಿನ ಮುಂದೆ ಎಲ್ಲ ಬಟ್ಟೆ ಹರಡಬೇಕಾಗುತ್ತದೆ.

ತೋಟದಮನೆ_ಸೊಸೆ

ಇನ್ನೊಂದು. ಊಟದ ಬಗ್ಗೆ ದಿನಾ ತಕರಾರು. ಕಾಫಿ ಬಿಡಬೇಕಾ? ಕಣಿಲೆ (ಎಳೆ ಬಿದಿರು), ಪಂದಿ ಕರಿ (ಹಂದಿ ಸಾರು), ಕಾಡು ಅಣಬೆ? ಕಕ್ಕಡ ಪದಿನೆಟ್ಟಕ್ಕೆ (ಕಕ್ಕಡದ 18ನೇ ದಿನ, ಆಗಸ್ಟ್ 3) ಮದ್ದು ಸೊಪ್ಪಿನ ಪಾಯಸ? ತುಪ್ಪ ತಿಂದರೆ ಹೆರಿಗೆ ಸಲೀಸು ಅನ್ನುತ್ತಾರೆ, ಕೊನೆಗೆ ಹರಳೆಣ್ಣೆ ಕುಡಿಸುತ್ತೇವೆ ಅಂತಲೂ ಹೇಳುತ್ತಿದ್ದಾರೆ.

ಅಡುಗೆಮನೆ_ಲೆಕ್ಕ

ಕಾಫಿ ಬಿಡಬೇಕಿಲ್ಲ, ಅಳೆಯಬೇಕು. ದಿನಕ್ಕೆ ಕೆಫೀನ್ 200 ಮಿ.ಗ್ರಾಂ ಮೀರಬಾರದು. ನಮ್ಮಲ್ಲಿ ತೊಡಕು ಏನೆಂದರೆ ಮನೆಯಲ್ಲೇ ಹುರಿದ ರೊಬಸ್ಟಾ ಪುಡಿ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಚಿಕೋರಿ ಬೆರೆಸದ ಗಟ್ಟಿ ರೊಬಸ್ಟಾ ಡಿಕಾಕ್ಷನ್ ಆದರೆ ದಿನಕ್ಕೆ ಒಂದೂವರೆ ಸಣ್ಣ ಲೋಟಕ್ಕೆ ನಿಲ್ಲಿಸಿ. ಅರೇಬಿಕಾ, ಚಿಕೋರಿ ಮಿಶ್ರಣ ಆದರೆ ಎರಡು. ಬೆಲ್ಲದ ಕಾಫಿ ಅಂತ ದಿನವಿಡೀ ಪಾತ್ರೆಯಲ್ಲಿ ಕಾಯುತ್ತಾ ಇರುತ್ತದಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ.

ಪಂದಿ ಕರಿ ತಿನ್ನಬಹುದು, ತುಂಡು ಒಡೆದರೆ ನಡುವೆ ಕೆಂಪು ಇರಬಾರದು ಅಷ್ಟೆ. ಅದಕ್ಕೆ ಹಾಕುವ ಹುಳಿ ಕಾಚಂಪುಳಿ ತೊಂದರೆ ಇಲ್ಲ, ಎದೆಯುರಿ ಇರುವವರು ಕಮ್ಮಿ ಹಾಕಿಕೊಳ್ಳಿ. ಈಲಿ (ಲಿವರ್) ವಾರಕ್ಕೊಮ್ಮೆ ಎರಡು ಚೂರಿಗಿಂತ ಹೆಚ್ಚು ಬೇಡ, ಅದರಲ್ಲಿ ವಿಟಮಿನ್ ಎ ವಿಪರೀತ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ವಸ್ತು ಇರುತ್ತದೆ. ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಾಯಿಸಿ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರು ಚೆಲ್ಲಿದ ಮೇಲೆ ಪಲ್ಯ ಮಾಡಿದರೆ ಸರಿ. ಅವಸರದ ಕಣಿಲೆ ಬೇಡ. ಕಾಡು ಅಣಬೆ ಈ ವರ್ಷ ಬಿಟ್ಟುಬಿಡಿ. ಗುರುತಿಸುವವರು ಎಷ್ಟೇ ಪಳಗಿದವರಾದರೂ ತಪ್ಪಿದರೆ ಎರಡು ಜೀವದ ಪ್ರಶ್ನೆ. ಮದ್ದು ಸೊಪ್ಪಿನ ಪಾಯಸದ ವಿಷಯ ಸುಲಭ: ಆಗಸ್ಟ್ 3ರ ಹೊತ್ತಿಗೆ ಬಹುಶಃ ನಿಮ್ಮ ಕೈಯಲ್ಲಿ ಮಗು ಇರುತ್ತದೆ. ಬಸುರಿಯಾಗಿದ್ದರೂ ಬಾಣಂತಿಯಾಗಿದ್ದರೂ ಪರೀಕ್ಷೆಯಾಗದ ಔಷಧಿ ಸೊಪ್ಪು ಬೇಡ, ಮುಂದಿನ ಕಕ್ಕಡಕ್ಕೆ ಉಣ್ಣಿ. ಮನೆಯ ವೈನು, ಬಾಣಂತಿಗೆ ಬ್ರಾಂದಿ, ಎರಡೂ ಬೇಡ. ಬ್ರಾಂದಿ ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ.

ತುಪ್ಪಕ್ಕೂ ಹೆರಿಗೆ ದಾರಿಗೂ ಸಂಬಂಧವಿಲ್ಲ, ಅದು ಹೊಟ್ಟೆಯಲ್ಲಿ ಜೀರ್ಣವಾಗುವ ವಸ್ತು. ರುಚಿಗೆ ಒಂದು ಚಮಚ ಹಾಕಿಕೊಳ್ಳಿ. ಹರಳೆಣ್ಣೆಗೆ ಖಡಾಖಂಡಿತ ಬೇಡ ಅನ್ನಿ. ಭೇದಿ ಹತ್ತಿ ನೀರು ಸೋರಿ, ನೋವು ಬರುವ ಮೊದಲೇ ಸುಸ್ತು. ಕಬ್ಬಿಣಕ್ಕೆ ಮೊಟ್ಟೆಗಿಂತ ಮಾಂಸ, ಮೀನು ಮೇಲು. ಸೊಪ್ಪು, ಹುರುಳಿ, ರಾಗಿ ತಿನ್ನುವಾಗ ಜೊತೆಗೆ ನಿಂಬೆಯೋ ಕಿತ್ತಳೆಯೋ ಇರಲಿ, ಇಲ್ಲವಾದರೆ ಅದರ ಕಬ್ಬಿಣ ಮೈಗೆ ಹತ್ತುವುದು ಬಹಳ ಕಮ್ಮಿ.

ಊಟದ ವಿಷಯವಲ್ಲ, ಆದರೂ ಹೇಳುತ್ತೇನೆ: ಅಂಗಳದ ಪಾಚಿಗೆ ಜೂನ್ ಮೊದಲ ವಾರವೇ ಬ್ಲೀಚಿಂಗ್ ಪೌಡರ್ ಹಾಕಿಸಿ ತಿಕ್ಕಿಸಿ, ಆ ಪುಡಿಯ ಹತ್ತಿರ ನೀವು ಹೋಗಬೇಡಿ. ತೋಟಕ್ಕೆ ಬೋರ್ಡೋ ದ್ರಾವಣ, ಕೀಟನಾಶಕ ಹೊಡೆಯುವ ದಿನ ಮನೆಯೊಳಗಿರಿ, ಹೊಡೆದವರ ಬಟ್ಟೆ ನೀವು ಒಗೆಯಬೇಡಿ. ನಾಟಿ ಗದ್ದೆಗೆ ಇಳಿಯಬೇಡಿ, ಇಲಿ ಜ್ವರ ಆ ನೀರಿನಿಂದಲೇ ಬರುವುದು. ಜ್ವರ ಬಂದರೆ ಪ್ಯಾರಾಸಿಟಮಾಲ್ ಒಂದೇ. ಮೈಕೈ ನೋವಿಗೆ ಅಂತ ಡೈಕ್ಲೋಫಿನಾಕ್ ಇಂಜೆಕ್ಷನ್ ಕೊಡಲು ಬಂದರೆ ಬಸುರಿ ಅಂತ ಹೇಳಿ ಬೇಡ ಅನ್ನಿ, ಅದು ಮಗುವಿನ ಮೂತ್ರಪಿಂಡಕ್ಕೂ ಹೃದಯದ ರಕ್ತನಾಳಕ್ಕೂ ತೊಂದರೆ ಕೊಡುತ್ತದೆ.

ಆಶಾ_ನಾಪೋಕ್ಲು

ತಂಗಿ, ದುಡ್ಡಿನ ವಿಷಯ ಮತ್ತು ಬಾಣಂತಿ ಕೋಣೆ, ಇವೆರಡು ನಾನು ಹೇಳುತ್ತೇನೆ.

ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ. 3000 ಬಸಿರು ನೋಂದಾಯಿಸಿ ಒಂದು ತಪಾಸಣೆ ಆದ ಮೇಲೆ, 2000 ಮಗುವಿನ ಜನನ ನೋಂದಣಿ ಆಗಿ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ. ಎಲ್ಲರಿಗೂ ಸಿಗುವುದಿಲ್ಲ. ಬಿ.ಪಿ.ಎಲ್. ಕಾರ್ಡು, ನರೇಗಾ ಕಾರ್ಡು, ಇ-ಶ್ರಮ್, ವರ್ಷಕ್ಕೆ 8 ಲಕ್ಷದೊಳಗಿನ ಆದಾಯ ಪ್ರಮಾಣಪತ್ರ, ಇಂಥದ್ದರಲ್ಲಿ ಒಂದು ಇರಬೇಕು. ದುಡ್ಡು ನಿಂತುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ನಿಮ್ಮ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಅಥವಾ ಆಧಾರಿನಲ್ಲಿ ತವರಿನ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಮನೆ ಹೆಸರು. ಮಳೆಗೆ ಮುಂಚೆ ಬ್ಯಾಂಕಿಗೆ ಹೋಗಿ ಸರಿ ಮಾಡಿಸಿ. ಅಂಗನವಾಡಿಯಲ್ಲಿ ಹೆಸರು ಬರೆಸಿದರೆ ಮಾತೃಪೂರ್ಣದ ಊಟವೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ. ಮನೆಗೆ ಬಿಡಲು ‘ನಗು–ಮಗು’ ಗಾಡಿ ಕೇಳಿ, ಅವರಾಗಿ ಹೇಳುವುದು ಕಮ್ಮಿ. ಸಹಜ ಹೆರಿಗೆಯಾದರೂ 48 ಗಂಟೆ ಅಲ್ಲೇ ಇರಿ. ರಕ್ತ ಹೆಚ್ಚು ಹೋಗುವುದಾದರೆ ಮೊದಲ ದಿನವೇ. ಮಗುವಿಗೆ ವಿಟಮಿನ್ ಕೆ, ಬಿ.ಸಿ.ಜಿ., ಪೋಲಿಯೊ, ಹೆಪಟೈಟಿಸ್ ಬಿ ಅಲ್ಲೇ ಆಗಬೇಕು, ಹೆಪಟೈಟಿಸ್ ಬಿ 24 ಗಂಟೆಯ ಒಳಗೆ. ನಿಮ್ಮ ಎರಡನೇ ಆಂಟಿ-ಡಿ ಡೋಸನ್ನೂ ಹೊರಡುವ ಮೊದಲು ಕೇಳಿ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಲು ಯಾರಾದರೂ ಕೈ ಚಾಚಿದರೆ ತಡೆಯಲು ಒಬ್ಬರನ್ನು ಮೊದಲೇ ನೇಮಿಸಿ. ಬಾಣಂತಿಗೆ ಆಗ ಜಗಳ ಮಾಡಲು ತ್ರಾಣ ಇರುವುದಿಲ್ಲ. ಸ್ನಾನ ಒಂದು ದಿನ ಕಳೆದ ಮೇಲೆ.

ಮಳೆ, ಚಳಿ ಅಂತ ಬಾಣಂತಿ ಕೋಣೆಯಲ್ಲಿ ಕೆಂಡದ ಬಾಂಡ್ಲಿ ಇಟ್ಟು ಬಾಗಿಲು ಕಿಟಕಿ ಮುಚ್ಚುವ ರೂಢಿ ಇದೆ. ಇದ್ದಿಲಿನ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಕೋಣೆ ಬೆಚ್ಚಗೆ ಬೇಕಾದರೆ ಬಾಂಡ್ಲಿಯನ್ನು ಮೊದಲು ಇಟ್ಟು, ಹೊರಗೆ ತೆಗೆದು, ಕಿಟಕಿ ಸ್ವಲ್ಪ ಹೊತ್ತು ತೆರೆದು, ಆಮೇಲೆ ತಾಯಿ ಮಗು ಒಳಗೆ ಹೋಗಬೇಕು. ಅದಕ್ಕಿಂತ ಮಗುವನ್ನು ಎದೆಗೆ ಅಪ್ಪಿಕೊಂಡು ಮೇಲೆ ಕಂಬಳಿ ಹೊದ್ದರೆ ಕೆಂಡವೇ ಬೇಡ. ಸಾಂಬ್ರಾಣಿ ಹೊಗೆಯೂ ಮಗುವಿಗೆ ಬೇಡ.

ಜನನ ನೋಂದಣಿ 21 ದಿನದೊಳಗೆ ಉಚಿತ, ಆಸ್ಪತ್ರೆಯವರೇ ಕಳಿಸುತ್ತಾರೆ. ಹೆಸರು ಆಗ ಇಡದಿದ್ದರೂ ಆಮೇಲೆ ಸೇರಿಸಬಹುದು. ಆದರೆ ತಂದೆ ತಾಯಿಯ ಹೆಸರಿನ ಅಕ್ಷರವನ್ನು ಆಧಾರ್ ಇಟ್ಟುಕೊಂಡು ಅಲ್ಲೇ ಒಮ್ಮೆ ಓದಿ ನೋಡಿ. ತಪ್ಪಿದ್ದರೆ ಡಿಸ್ಚಾರ್ಜ್ ಆಗುವ ಮುಂಚೆ ತಿದ್ದಿಸುವುದು ಸುಲಭ. ಇದೇ ವಾರ ಒಮ್ಮೆ ನಿಮ್ಮ ಊರಿನ ಆಶಾಗೆ ಫೋನ್ ಮಾಡಿ ಐ.ಸಿ.ಟಿ. ಯಾವ ದಿನ ಮಾಡುತ್ತಾರೆ ಅಂತ ಕೇಳಿಸಿ.